ಮುಚ್ಚಿದ ಬಾಗಿಲು, ಫ್ರಿಜ್ಜಿನ ರಿಪೇರಿ



ಈಗ ತೋಟದ ಮನೆಗಳಿಗೆ ಬರುತ್ತಿರುವ ಹಲವು ಫ್ರಿಜ್ಜುಗಳಲ್ಲಿರುವುದು ಆರ್-600ಎ, ಅಂದರೆ ಐಸೋಬ್ಯುಟೇನ್ ಅನಿಲ. ಓಝೋನ್ ಪದರವನ್ನು ಕೆಡಿಸುತ್ತಿದ್ದ ಹಳೆಯ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಕೈಬಿಟ್ಟದ್ದು ಒಳ್ಳೆಯದೇ. ಆದರೆ ಹೊಸದು ಅಡುಗೆ ಅನಿಲದ ದಾಯಾದಿ. ಅದಕ್ಕೆ ಬೆರೆಸುವ ವಾಸನೆ ಮಾತ್ರ ಇದಕ್ಕಿಲ್ಲ. ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಹರಡುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೆ ಒಂದು ಕಿಡಿ ಸಾಕು.

ಸೋಮವಾರಪೇಟೆಯ ಮಳೆಗಾಲದಲ್ಲಿ ಕಿಟಕಿ ತೆರೆಯುವವರು ಯಾರು? ಒಲೆಯೂ ಆರುವುದಿಲ್ಲ. ಅಂಥ ಅಡುಗೆಮನೆಯಲ್ಲೇ ಮೆಕ್ಯಾನಿಕ್ ಜ್ವಾಲೆ ಹಚ್ಚಿ ಕೊಳವೆ ಬೆಸೆಯುವುದನ್ನು ನಾವು ಒಪ್ಪಲಾರೆವು. ಪ್ಲಗ್ಗು ಕಿತ್ತು ಪೆಟ್ಟಿಗೆಯನ್ನು ಜಗಲಿಗೆ ತರಲಿ. ಅನಿಲವನ್ನು ಪೈಪಿನಲ್ಲಿ ಬಯಲಿಗೆ ಬಿಟ್ಟು, ನೈಟ್ರೋಜನ್ ಹಾಯಿಸಿದ ಮೇಲೆಯೇ ಬೆಸುಗೆ. ಹಳೆಯ ಫ್ರಿಜ್ಜಿಗೆ ಅಡುಗೆ ಸಿಲಿಂಡರಿನ ಗ್ಯಾಸ್ ತುಂಬಿ ಅಗ್ಗಕ್ಕೆ ಮುಗಿಸುವುದಂತೂ ಘಾತಕ: ಅದರೊಳಗಿನ ಥರ್ಮೋಸ್ಟಾಟ್, ದೀಪದ ಸ್ವಿಚ್ಚು ಕಿಡಿ ಹೊರಬೀಳದಂತೆ ಮಾಡಿದವಲ್ಲ.

ಬೋರ್ಡೋ ಸಿಂಪಡಣೆಗೆ ಮುನ್ನ ಗಟಾರ್ ಪಂಪಿನ ವಾಷರ್ ನೋಡುವವರು ಫ್ರಿಜ್ಜಿನ ಹಿಂದಿನ ಚೀಟಿಯನ್ನೂ ಓದಬಹುದು. ಕೆಲಸ ಬಲ್ಲವನು ನೂರು ರೂಪಾಯಿ ಹೆಚ್ಚು ಕೇಳಿದರೆ ಚೌಕಾಶಿ ಬೇಡ. ಊರಿನ ಮೆಕ್ಯಾನಿಕ್‌ಗಳ ತರಬೇತಿ ಖರ್ಚಿನಲ್ಲಿ ಸಂಘವೂ ಪಾಲು ಕೊಡಬೇಕೆಂದು ಮುಂದಿನ ಮಹಾಸಭೆಯಲ್ಲಿ ನಾವು ಕೇಳುವವರಿದ್ದೇವೆ.