ಮೊದಲನೇ ಡಿಸ್ಕ್ ಬಿಚ್ಚಿಡಿ, ಆಮೇಲೆ ಲಿನಕ್ಸ್ ಹಾಕಿ

ನಮ್ಮ ರೂಮಿನಲ್ಲಿ ಮೂರು ಜನ, ಮೂರು ಲ್ಯಾಪ್‌ಟಾಪ್. ಮೂರರಲ್ಲೂ ಈಗ ಲಿನಕ್ಸ್ ಇದೆ, ಅದೂ ಎರಡನೇ ಡಿಸ್ಕ್‌ನಲ್ಲಿ. ಇದನ್ನ ಜಂಬಕ್ಕೆ ಹೇಳ್ತಿಲ್ಲ. ಮೊದಲ ಸಲ ಹಾಕುವಾಗ ನಮ್ಮಲ್ಲೊಬ್ಬ ಅಕ್ಕನ ಮದುವೆ ಫೋಟೊಗಳನ್ನೂ ಮೂರನೇ ಸೆಮ್‌ನ ಮಿನಿ ಪ್ರಾಜೆಕ್ಟನ್ನೂ ಒಂದೇ ಕ್ಲಿಕ್ಕಿಗೆ ಅಳಿಸಿಕೊಂಡ.

ಅವನದು ಅಪ್ಪ ಚೀಟಿ ಎತ್ತಿ ಕೊಡಿಸಿದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಡಿವಿಡಿ ಡ್ರೈವ್ ತೆಗೆದು, ಆ ಜಾಗಕ್ಕೆ ಕ್ಯಾಡಿ ಹಾಕಿ, ಅದರಲ್ಲಿ ಹಳೇ 1 ಟಿಬಿ ಡಿಸ್ಕ್ ಕೂರಿಸಿದ್ವಿ. ಒಳಗೆ ಮೊದಲೇ ಇದ್ದದ್ದೂ 1 ಟಿಬಿಯೇ. ಇನ್‌ಸ್ಟಾಲರ್‌ಗೆ ಸಿ ಡ್ರೈವ್, ಡಿ ಡ್ರೈವ್ ಅನ್ನೋ ಲೆಕ್ಕ ಇಲ್ಲ. ಎಸ್‌ಡಿಎ, ಎಸ್‌ಡಿಬಿ ಅಂತ ತೋರಿಸುತ್ತೆ. ಯಾವುದು ಎ, ಯಾವುದು ಬಿ ಅನ್ನೋದು ಮಷೀನ್ ಕಣ್ಣಿಗೆ ಯಾವುದು ಮೊದಲು ಬಿತ್ತು ಅನ್ನೋದರ ಮೇಲಿದೆ, ಪ್ರತಿ ಸಲವೂ ಹಾಗೇ ಇರಬೇಕು ಅಂತಿಲ್ಲ. ಎರಡೂ ಒಂದೇ ಸೈಜು, ರಾತ್ರಿ ಒಂದೂವರೆ ಗಂಟೆ, ಪಕ್ಕದಲ್ಲಿ ನಾವಿಬ್ಬರು "ಅದೇ ಕಣೋ, ಒತ್ತು" ಅಂದ್ವಿ. ಒತ್ತಿದ. ಹೀಗಾಗಿ ತಪ್ಪು ಅವನೊಬ್ಬನದಲ್ಲ.

ಅದಕ್ಕೇ ನಮ್ಮ ವಾದ: ಲಿನಕ್ಸ್‌ಗೆ ಎರಡನೇ ಡಿಸ್ಕ್ ತಂದರೆ ಸಾಲದು, ಇನ್‌ಸ್ಟಾಲ್ ಮುಗಿಯೋವರೆಗೂ ಮೊದಲನೇದು ಮಷೀನಿನಲ್ಲೇ ಇರಬಾರದು. ಬಿಚ್ಚಿ ಮೇಜಿನ ಮೇಲಿಡಿ. ಡೆಸ್ಕ್‌ಟಾಪ್ ಆದರೆ ಅದರ ಸಾಟಾ ಕೇಬಲ್ ಕಿತ್ತರೆ ಸಾಕು. ಬಯೋಸ್‌ನಲ್ಲಿ ಆ ಸ್ಲಾಟ್ ಆಫ್ ಮಾಡೋ ಆಯ್ಕೆ ಇದ್ದರೆ ಸ್ಕ್ರೂ ಡ್ರೈವರೂ ಬೇಡ. ಇಲ್ಲದ ಡಿಸ್ಕನ್ನ ಯಾರೂ ಅಳಿಸೋಕಾಗಲ್ಲ.

ಸರಿಯಾದ ಡಿಸ್ಕ್ ಆರಿಸಿಕೊಂಡವರೂ ತಪ್ಪಿಸಿಕೊಂಡ ಹಾಗಲ್ಲ. ನಮ್ಮಲ್ಲಿ ಇನ್ನೊಬ್ಬ ಎಚ್ಚರದಿಂದ ಎರಡನೇದನ್ನೇ ಆರಿಸಿ ಉಬುಂಟು ಹಾಕಿದ್ದ. ಒಂದು ತಿಂಗಳಾದ ಮೇಲೆ ಆ ಡಿಸ್ಕ್ ತೆಗೆದು ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆ, ಮೂಲೆಯಲ್ಲಿ ಗ್ರಬ್ ಅನ್ನೋ ಪದ, ಅಷ್ಟೇ. ಯುಇಎಫ್ಐ ಮಷೀನ್‌ಗಳಲ್ಲಿ ಬೂಟ್ ಫೈಲುಗಳಿಗೆ ಇಎಫ್ಐ ಅನ್ನೋ ಪುಟ್ಟ ಪಾರ್ಟಿಷನ್ ಇರುತ್ತೆ. ಇನ್‌ಸ್ಟಾಲರ್ ಎಷ್ಟೋ ಸಲ ವಿಂಡೋಸ್ ಡಿಸ್ಕ್‌ನಲ್ಲಿ ಈಗಾಗಲೇ ಇರೋ ಆ ಪಾರ್ಟಿಷನ್ನಿಗೇ ತನ್ನ ಬೂಟ್‌ಲೋಡರನ್ನ ಬರೆದುಬಿಡುತ್ತೆ. ಸಿಸ್ಟಮ್ ಒಂದು ಕಡೆ, ಅದರ ಬಾಗಿಲು ಇನ್ನೊಂದು ಕಡೆ. ಬೂಟ್ ಮೆನುಗೆ ಹೋಗಿ ವಿಂಡೋಸ್ ಆರಿಸಿಕೊಂಡರೆ ಅದು ಬರುತ್ತೆ ಅಂತ ಈಗ ಗೊತ್ತು. ಅವತ್ತು ಗೊತ್ತಿರಲಿಲ್ಲ, ಮರುದಿನ ಇಂಟರ್ನಲ್ಸ್ ಬೇರೆ.

ಸೀನಿಯರ್‌ಗಳು ಇದಕ್ಕೆ ನಗ್ತಾರೆ. ಡಿಸ್ಕ್ ಬಿಚ್ಚೋದು ಪುಕ್ಕಲರ ಕೆಲಸವಂತೆ. ಇನ್‌ಸ್ಟಾಲ್ ಫೆಸ್ಟ್‌ನಲ್ಲಿ ಒಂದು ಸಂಜೆಗೆ ಇಪ್ಪತ್ತು ಲ್ಯಾಪ್‌ಟಾಪ್ ಮುಗಿಸಿದ್ವಿ ಅನ್ನೋ ಲೆಕ್ಕ ಅವರದು. ಜೊತೆಗೆ ಲೈನಸ್ ಟೊರ್ವಾಲ್ಡ್ಸ್ ಕಥೆ ಬೇರೆ ಹೇಳ್ತಾರೆ: 1991ರಲ್ಲಿ ಹೆಲ್ಸಿಂಕಿಯಲ್ಲಿ ಅವನು ಮೋಡೆಮ್‌ಗೆ ಕಳಿಸಬೇಕಿದ್ದನ್ನ ತಪ್ಪಿ ಹಾರ್ಡ್ ಡಿಸ್ಕಿಗೇ ಕಳಿಸಿ, ತನ್ನ ಮಿನಿಕ್ಸ್ ಪಾರ್ಟಿಷನ್ ಹಾಳು ಮಾಡಿಕೊಂಡು, ಇನ್ನು ಲಿನಕ್ಸೇ ಸರಿ ಅಂತ ನಿರ್ಧರಿಸಿದ್ದು. ನಿಜವೇ. ಆದರೆ ಹೋದದ್ದು ಅವನ ಮಿನಿಕ್ಸ್, ಅಕ್ಕನ ಮದುವೆ ಫೋಟೊ ಅಲ್ಲ. ಬೇರೆಯವರ ಮಷೀನ್ ಮುಂದೆ ಕೂತಾಗ ತೋರಿಸೋ ಧೈರ್ಯಕ್ಕೆ ಧೈರ್ಯ ಅನ್ನಲ್ಲ.

ವರ್ಚುವಲ್ ಮಷೀನ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಓಎಸ್ ಲ್ಯಾಬ್‌ನ ಫೋರ್ಕ್ ಪ್ರೋಗ್ರಾಂ ಓಡಿಸಿ ರೆಕಾರ್ಡ್‌ಗೆ ಸಹಿ ಹಾಕಿಸಿಕೊಳ್ಳೋಕೆ ಅದು ಸಾಕು. ಆದರೆ 8 ಜಿಬಿ ರ‍್ಯಾಮ್‌ನಲ್ಲಿ ಅರ್ಧ ಅದಕ್ಕೇ ಹೋಗುತ್ತೆ, ಬೂಟ್ ಅಂದ್ರೇನು, ಡ್ರೈವರ್ ಅಂದ್ರೇನು ಅನ್ನೋದು ಕೈಗೆ ಹತ್ತೋದೇ ಇಲ್ಲ. ಬೇರೆ ಡಿಸ್ಕ್‌ನಲ್ಲಾದರೆ ಕೆಡಿಸಬಹುದು, ಮತ್ತೆ ಹಾಕಬಹುದು. ನಾವು ಆರು ಸಲ ಹಾಕಿದ್ದೀವಿ.

ಐದನೇ ಸಲ ಡೆಬಿಯನ್ ಇನ್‌ಸ್ಟಾಲರ್‌ನಲ್ಲಿ ತಮಾಷೆಗೆ ಕನ್ನಡ ಆರಿಸಿದ್ವಿ. ನಾವು ಮೂವರೂ ಇಂಗ್ಲಿಷ್ ಮೀಡಿಯಂ, ಕನ್ನಡ ಓದೋಕೆ ಈಗಲೂ ತುಟಿ ಅಲ್ಲಾಡಬೇಕು. ಇಂಗ್ಲಿಷ್‌ನಲ್ಲಿದ್ದಾಗ ಎಚ್ಚರಿಕೆಗಳನ್ನ ನಾವು ಓದಿಯೇ ಇರಲಿಲ್ಲ ಅಂತ ಆವಾಗ ಗೊತ್ತಾಯ್ತು. ಕನ್ನಡದಲ್ಲಿ ಒಂದೊಂದೇ ಪದ ಕೂಡಿಸಿ ಓದಿ, ಅರ್ಥ ಜಗಳವಾಡಿ, ಆಮೇಲೆ ಮುಂದಕ್ಕೆ ಒತ್ತಿದ್ವಿ. ಕೀಬೋರ್ಡ್‌ಗೆ ಕಗಪ ವಿನ್ಯಾಸವೂ ಇದೆ, ಈ ಲೇಖನ ಅದರಲ್ಲೇ ಟೈಪ್ ಆಗಿದ್ದು.

ಎರಡು ಮಾತು ಉಳಿದವು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆನ್ ಇದ್ದರೆ ಬಯೋಸ್ ಮುಟ್ಟೋ ಮುಂಚೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಆ ಲ್ಯಾಪ್‌ಟಾಪ್‌ನೊಳಗೇ ಸೇವ್ ಮಾಡಬೇಡಿ ಮತ್ತೆ. ಎಲ್ಲ ಮುಗಿದು ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಗಾಬರಿ ಬೇಡ. ಲಿನಕ್ಸ್ ಯುಟಿಸಿ ಬರೆದಿಟ್ಟಿರುತ್ತೆ, ವಿಂಡೋಸ್ ಅದನ್ನೇ ನಮ್ಮೂರಿನ ಟೈಮ್ ಅಂದುಕೊಳ್ಳುತ್ತೆ. ನಾವು ಇದರಿಂದ ಒಂದು ಅಸೈನ್‌ಮೆಂಟ್ ಡೆಡ್‌ಲೈನ್ ತಪ್ಪಿಸಿಕೊಂಡ್ವಿ.

ಮದುವೆ ಫೋಟೊಗಳಲ್ಲಿ ಸುಮಾರು ಅರ್ಧ ಚಿಕ್ಕಮ್ಮಂದಿರ ವಾಟ್ಸಾಪ್‌ನಿಂದ ವಾಪಸ್ ಬಂದವು, ಮಸುಕು ಮಸುಕಾಗಿ. ಧಾರೆಯ ಫೋಟೊ ಮಾತ್ರ ಯಾರ ಹತ್ರವೂ ಸಿಗಲಿಲ್ಲ. ಅಕ್ಕನಿಗೆ ಅವನು ಇನ್ನೂ ಹೇಳಿಲ್ಲ.