ಕಸಿ ಗಿಡ ಕೊಳ್ಳುವ ಮೊದಲು ವಾಟೆ ಊರಿ

ಮಳೆ ನಂಬಿದ ನಮ್ಮಂಥ ಸಣ್ಣ ರೈತರು ಮಾವಿನ ಕಸಿ ಗಿಡ ತಂದು ನೆಡುವುದಕ್ಕಿಂತ, ಹೊಲದ ಬದುವಿನಲ್ಲೇ ವಾಟೆ ಊರಿ ಅಲ್ಲೇ ಕಸಿ ಕಟ್ಟುವುದು ಲೇಸು.

ಕಾರಣ ಬೇರಿನಲ್ಲಿದೆ. ಪ್ಲಾಸ್ಟಿಕ್ ಚೀಲದಲ್ಲಿ ಬಹಳ ದಿನ ಇದ್ದ ಗಿಡದ ತಾಯಿಬೇರು ತಳದಲ್ಲಿ ಸುತ್ತಿಕೊಂಡಿರುತ್ತೆ. ಇದ್ದಲ್ಲೇ ಹುಟ್ಟಿದ ಸಸಿಯ ಬೇರು ನೆಟ್ಟಗೆ ಆಳಕ್ಕಿಳಿದು ತೇವ ಹುಡುಕುತ್ತೆ. ಬೇಸಿಗೆಯಲ್ಲಿ ಕೊಡ ಹೊತ್ತು ನೀರು ಹಾಕಿದವರಿಗೆ ಇದರ ಬೆಲೆ ಗೊತ್ತು.

ನಾಟಿ ಮಾವಿನ ವಾಟೆಯನ್ನು ಹಣ್ಣು ತಿಂದ ಕೆಲವೇ ವಾರದೊಳಗೆ ಊರಬೇಕು. ಒಣಗಿಸಿಟ್ಟರೆ ಮೊಳೆಯೋದಿಲ್ಲ. ಗುಂಡಿಗೆ 3 ಊರಿ, ಗಟ್ಟಿಯಾದ ಒಂದನ್ನು ಉಳಿಸಿ, ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟಿ. ಮುಂದಿನ ಮಳೆಗಾಲ ತಾಮ್ರದ ಬಣ್ಣದ ಚಿಗುರು ಬಂದಾಗ ಕಸಿ ಕಟ್ಟಿ. ಇದಕ್ಕೆ ಮೃದುಕಾಂಡ ಕಸಿ ಅಂತಾರೆ. ಪೆನ್ಸಿಲ್ ಗಾತ್ರದ, 3-4 ತಿಂಗಳು ಬಲಿತ ಕಡ್ಡಿ ಬೇಕು. ಕಡಿಯುವ 8-10 ದಿನ ಮೊದಲೇ ತೊಟ್ಟು ಬಿಟ್ಟು ಎಲೆ ಕತ್ತರಿಸಿರಿ. ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ, ಸಸಿಯ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಮೇಲೆ ಪ್ಲಾಸ್ಟಿಕ್ ಟೋಪಿ ಹಾಕಿ, ಕಡ್ಡಿ ಚಿಗುರಿದ ಮೇಲೆ ತೆಗೆಯಿರಿ.

"ವರ್ಷ ತಡವಾಗುತ್ತಲ್ಲ?" ಅನ್ನಬಹುದು. ಆಗುತ್ತೆ. ಆದರೆ ಕೊಂಡ ಗಿಡ ಒಣಗಿದರೆ ದುಡ್ಡೂ ಹೋಯ್ತು, ವರ್ಷವೂ ಹೋಯ್ತು. ಇಲ್ಲಿ ಕಸಿ ಹಿಡಿಯದಿದ್ದರೂ ಸಸಿ ಕೆಳಗಿಂದ ಚಿಗುರುತ್ತೆ, ಮತ್ತೆ ಕಟ್ಟಬಹುದು. ತಳಿಯಲ್ಲಿ ಮೋಸವೂ ಇಲ್ಲ. ಬಾದಾಮಿಯೋ ಮಲ್ಲಿಕಾವೋ, ಹಣ್ಣು ತಿಂದು ನೋಡಿದ ಮರದಿಂದಲೇ ಕಡ್ಡಿ ತರ್ತೀರಿ.

ಊರಿಗೆ ಇಬ್ಬರು ಕಸಿ ಕಟ್ಟೋದು ಕಲಿತರೂ ಸಾಕು. ಈ ಮಳೆಗಾಲ ವಾಟೆ ತಿಪ್ಪೆಗೆ ಎಸೆಯಬೇಡಿ.