ತಾತನ ಲೋಟದ ಹಲ್ಲು

"ತಾತಾ, ಲೋಟದಲ್ಲಿ ಹಲ್ಲು ಬಿದ್ದಿದೆ!" ಹೋದ ತಿಂಗಳು ಒಂದು ಬೆಳಿಗ್ಗೆ ಮೊಮ್ಮಗಳು ಕೂಗಿಕೊಂಡು ಓಡಿ ಬಂದಳು. ಮಕ್ಕಳೇ, ನಾಲ್ಕು ವರ್ಷ ಅವಳಿಂದ ಮುಚ್ಚಿಟ್ಟಿದ್ದ ಗುಟ್ಟು ಅದು. ಮುಚ್ಚಿಟ್ಟಿದ್ದಕ್ಕೆ ನಾನು ಕಟ್ಟಿದ ಬಡ್ಡಿ, ಒಂದು ಸ್ವಂತ ಹಲ್ಲು.

ನಮ್ಮ ಹುಣಸೂರು, ಎಚ್.ಡಿ. ಕೋಟೆ ಕಡೆ ಹಲ್ಲು ಹೋದರೂ ಊಟ ನಿಲ್ಲುವುದಿಲ್ಲ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಕೋಡುಬಳೆ ಕೈಗೆ ಬಂದಾಗಲೇ ಹಲ್ಲಿನ ನೆನಪು. ನನಗೂ ಹಾಗೇ ಆಗಿ, ಮೂರು ಹಲ್ಲಿನ ಬಾಗುವ ಸೆಟ್ ಮಾಡಿಸಿಕೊಂಡೆ. ಹಳೆಯ ಕಾಲದ ಸೆಟ್ ಅಕ್ರಿಲಿಕ್‌ನದು, ಗಟ್ಟಿ. ಪಕ್ಕದ ಹಲ್ಲಿಗೆ ತಂತಿಯ ಕೊಕ್ಕೆ; ನಕ್ಕರೆ ತಂತಿ ಕಾಣುತ್ತದೆ, ಕೆಳಗೆ ಬಿದ್ದರೆ ಎರಡು ಹೋಳು. ಇದು ನೈಲಾನ್ ಜಾತಿಯದು. ತಂತಿಯಿಲ್ಲ, ವಸಡಿನ ಬಣ್ಣದ ತೆಳು ತೋಳುಗಳೇ ಪಕ್ಕದ ಹಲ್ಲನ್ನು ಅಪ್ಪಿ ಹಿಡಿಯುತ್ತವೆ.

ಅಪ್ಪಿ ಹಿಡಿದ ಜಾಗದಲ್ಲೇ ಅನ್ನದ ಅಗುಳು ಸಿಕ್ಕಿಕೊಳ್ಳುವುದು. ಮೊಮ್ಮಗಳು ನೋಡಿ ನಕ್ಕಾಳೆಂದು ನಾನು ರಾತ್ರಿಯೂ ಸೆಟ್ ತೆಗೆಯುತ್ತಿರಲಿಲ್ಲ. ಬಾಯಿ ತೊಳೆಯುವ ಜೊಲ್ಲು ನಿದ್ದೆಯಲ್ಲಿ ಊರುವುದೇ ಕಡಿಮೆ. ವಸಡು ಕೆಂಪಾಗಿ ಉರಿಯಿತು, ಆಸರೆಯಾಗಿದ್ದ ಹಲ್ಲು ಬುಡದಲ್ಲೇ ಹುಳುಕಾಯಿತು. ಮೈಸೂರಿನ ಜೆ.ಎಸ್.ಎಸ್. ದಂತ ಕಾಲೇಜಿನ ಆಸ್ಪತ್ರೆಗೆ ಹೋದೆ. ಹಲ್ಲು ಉಳಿಯಲಿಲ್ಲ. ಹಳೇ ಸೆಟ್ಟಿಗೇ ಇನ್ನೊಂದು ಹಲ್ಲು ಸೇರಿಸಿಕೊಡಿ ಎಂದೆ. ಅಕ್ರಿಲಿಕ್ಕಿಗಾದರೆ ಸುಲಭ, ನೈಲಾನಿಗೆ ಹಾಗೆ ಅಂಟುವುದಿಲ್ಲ ಎಂದರು. ಸೆಟ್ ಹೊಸದೇ ಆಯಿತು, ಖರ್ಚೂ ಹೊಸದೇ.

ಈಗ ಪ್ರತಿ ಊಟವಾದ ಮೇಲೆ ತೆಗೆದು ತೊಳೆಯುತ್ತೇನೆ. ಮೆತ್ತನೆಯ ಬ್ರಷ್, ಕೈ ತೊಳೆಯುವ ಸೋಪಿನ ನೀರು, ಅಷ್ಟೇ. ಸೆಟ್ಟಿಗೆ ಟೂತ್‌ಪೇಸ್ಟ್ ಹಾಕಬಾರದು. ಅದರಲ್ಲಿನ ಉಜ್ಜುವ ಪುಡಿಯಿಂದ ಗೀರು ಬೀಳುತ್ತದೆ, ಗೀರಿನಲ್ಲಿ ಕಾಫಿಯದೋ ಎಲೆಅಡಿಕೆಯದೋ ಕಲೆ ಕೂರುತ್ತದೆ. ಕುದಿಯುವ ನೀರೂ ಬೇಡ, ಆಕಾರ ಕೆಡುತ್ತದೆ. ಕೆ.ಆರ್. ನಗರದ ನನ್ನ ಗೆಳೆಯರೊಬ್ಬರು ಚೊಕ್ಕಟವಾಗಲೆಂದು ಕುದಿಸಿ, ಆ ಸೆಟ್ಟನ್ನು ಇಂದಿಗೂ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ಬಾಯಲ್ಲಿ ಉಳಿದ ಸ್ವಂತ ಹಲ್ಲಿಗೆ ಮಾತ್ರ ಪೇಸ್ಟ್, ದಿನಕ್ಕೆ ಎರಡು ಹೊತ್ತು. ರಾತ್ರಿ ಸೆಟ್ ಲೋಟದ ತಣ್ಣೀರಿನಲ್ಲಿ.

ಮೊಮ್ಮಗಳು ಅವತ್ತು ನಗಲಿಲ್ಲ. ಅವಳಿಗೂ ಮುಂದಿನ ಎರಡು ಹಾಲುಹಲ್ಲು ಬಿದ್ದಿವೆ. "ನಿನಗೂ ಮತ್ತೆ ಹುಟ್ಟುತ್ತಾ ತಾತ?" ಎಂದು ಕೇಳಿದಳು. ಇಲ್ಲಮ್ಮ ಎಂದೆ. ಸ್ವಲ್ಪ ಹೊತ್ತು ಲೋಟವನ್ನೇ ನೋಡಿದಳು. ಅಂದಿನಿಂದ ಅದಕ್ಕೆ ನೀರು ತುಂಬಿಡುವ ಕೆಲಸ ಅವಳದು. ಮೊನ್ನೆ ಮರೆತು ಸೆಟ್ ಹಾಕಿಕೊಂಡೇ ಮಲಗಿದ್ದೆ, ಬಂದು ಎಬ್ಬಿಸಿದಳು.